‘ಯಾರ ಕೈಗೆ’ ಎಂಬ ಕಾಲಂ

“ನಂಗೆ ಗ್ರಾಫ್ ಬೇಡ. ಹೆಸರು ಬೇಕು.”

ಲ್ಯಾಬಿನ ಮಾಲೀಕರು ಮೊದಲ ದಿನ ಆಡಿದ ಈ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಹಾಗೆಯೇ ಇದೆ. ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವುದು ಪತ್ರಿಕೆಯ ಡೆಸ್ಕಿನಲ್ಲಿ ಹತ್ತಿದ ರೂಢಿ. ಪತ್ರಿಕೆ ಬಿಟ್ಟ ಮೇಲೆ ಸಿಕ್ಕ ಎರಡು ತಿಂಗಳ ಗುತ್ತಿಗೆ ಕೆಲಸ ಅದು. ಏಪ್ರಿಲ್ ಮೊದಲ ವಾರ, ಸಾಗರದಲ್ಲಿ ಫ್ಯಾನಿನ ಗಾಳಿಯೂ ಬಿಸಿಯಾಗಿದ್ದ ದಿನಗಳು.

ರಕ್ತ ಪರೀಕ್ಷೆಯ ಖಾಸಗಿ ಲ್ಯಾಬು. ಯಂತ್ರಗಳೆಲ್ಲ ಸಾಗರದಲ್ಲಿ. ಹೊಸನಗರ, ತೀರ್ಥಹಳ್ಳಿ, ಕೋಣಂದೂರುಗಳಲ್ಲಿ ಒಂದೊಂದು ಕೋಣೆಯ ಕಲೆಕ್ಷನ್ ಸೆಂಟರ್. ಬೆಳಿಗ್ಗೆ ಅಲ್ಲಿ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿಗೆ ತುಂಬಿ, ಸಾಗರದ ಕಡೆ ಬರುವ ಖಾಸಗಿ ಬಸ್ಸಿಗೆ ಕೊಡುತ್ತಾರೆ. ಮಧ್ಯಾಹ್ನ ಪರೀಕ್ಷೆ, ಸಂಜೆ ರೋಗಿಯ ಮೊಬೈಲಿಗೆ ರಿಪೋರ್ಟು. ಈ ವ್ಯಾಪಾರ ನಿಂತಿರುವುದು ಯಂತ್ರದ ಮೇಲಲ್ಲ, ಬಸ್ಸಿನ ಮೇಲೆ ಎಂಬುದು ನನಗೆ ಅರ್ಥವಾಗಲು ಒಂದೂವರೆ ತಿಂಗಳು ಬೇಕಾಯಿತು.

ತೊಂದರೆ ಇದಾಗಿತ್ತು. ಲ್ಯಾಬಿಗೆ ಬಂದ ಟ್ಯೂಬನ್ನು ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸಿದರೆ ರಕ್ತದ ಕೆಂಪು ಭಾಗ ಕೆಳಗೆ ಕೂರುತ್ತದೆ; ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿ ಒಣಹುಲ್ಲಿನ ಬಣ್ಣಕ್ಕಿರಬೇಕು. ಕೆಲವು ಟ್ಯೂಬುಗಳಲ್ಲಿ ಅದು ಕೆಂಪಾಗಿರುತ್ತಿತ್ತು. ಅಂದರೆ ರಕ್ತಕಣಗಳು ದಾರಿಯಲ್ಲೇ ಒಡೆದಿವೆ. ಅಂಥ ತಿಳಿಯ ಮೇಲೆ ಪರೀಕ್ಷೆ ಮಾಡಿದರೆ ಇಲ್ಲದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಟೆಕ್ನಿಷಿಯನ್ ಅದನ್ನು ಬಿಸಾಡಿ, ರಿಜೆಕ್ಷನ್ ಪುಸ್ತಕದಲ್ಲಿ ‘ಹೀಮೋಲಿಸಿಸ್’ ಎಂಬುದಕ್ಕೆ ‘ಎಚ್’ ಎಂಬ ಅಕ್ಷರ ಬರೆಯುತ್ತಿದ್ದರು. ರೋಗಿಗೆ ಫೋನ್ ಹೋಗುತ್ತಿತ್ತು: ಇನ್ನೊಮ್ಮೆ ಬನ್ನಿ. ನಿಟ್ಟೂರಿನಿಂದ ಬಸ್ಸು ಹತ್ತಿ ಹೊಸನಗರಕ್ಕೆ ಬಂದು ರಕ್ತ ಕೊಟ್ಟವರಿಗೆ ಮರುದಿನ ಮತ್ತೆ ಬನ್ನಿ ಎಂದರೆ ಏನಾಗುತ್ತದೋ ಅದೇ ಆಗುತ್ತಿತ್ತು. ವೈದ್ಯರು ಚೀಟಿ ಬರೆಯುವುದನ್ನು ಕಡಿಮೆ ಮಾಡಿದ್ದರು. ಹೊಸನಗರದಲ್ಲಿ ಇನ್ನೊಂದು ಲ್ಯಾಬಿನ ಬೋರ್ಡು ಬಂದಿತ್ತು.

ಮಾಲೀಕರಿಗೆ ಬೇಕಿದ್ದ ಹೆಸರು ಇದಕ್ಕೆ. ಯಾರು ರಕ್ತ ಕೆಡಿಸುತ್ತಿದ್ದಾರೆ?

ಲ್ಯಾಬಿನ ಲೆಕ್ಕ ಮೂರು ಬಗೆಯ ಪುಸ್ತಕಗಳಲ್ಲಿತ್ತು. ಸೆಂಟರಿನಿಂದ ಡಬ್ಬಿ ಹೊರಡುವಾಗ ಅಲ್ಲೇ ಬರೆದಿಡುವ ರವಾನೆ ಪುಸ್ತಕ, ಸಾಗರದಲ್ಲಿ ಡಬ್ಬಿ ಬಂದಾಗ ಬರೆಯುವ ಸ್ವೀಕೃತಿ ಪುಸ್ತಕ, ಮತ್ತು ರಿಜೆಕ್ಷನ್ ಪುಸ್ತಕ. ದಿನವೂ ಬರೆಯುತ್ತಿದ್ದರು, ಒಮ್ಮೆಯೂ ಓದುತ್ತಿರಲಿಲ್ಲ. ಸಾಗರದ ಎರಡು ಪುಸ್ತಕ ಕೇಳಿದಾಗ ಸ್ವೀಕೃತಿ ಟೇಬಲ್ಲಿನ ಹೆಂಗಸು, “ಒಳಗಿದೆ, ಹುಡುಕ್ಬೇಕು” ಎಂದಳು. ಪುಸ್ತಕ ಅವಳ ಮೊಣಕೈಯ ಕೆಳಗೇ ಇತ್ತು.

ಹಿರಿಯ ಟೆಕ್ನಿಷಿಯನ್ ಮತ್ತು ನಾನು ಒಂದೇ ಮನೆಮಾತಿನವರು. ಅದರಿಂದ ಸಲಿಗೆಯೇನೂ ಬರಲಿಲ್ಲ; ಬೈಗುಳ ಮಾತ್ರ ಮನೆಮಾತಿನಲ್ಲಿ ಬಂತು.

“ಎಂತಕ್ಕೆ ಇದೆಲ್ಲ? ಎಂಗೊ ಲ್ಯಾಬಿನವು ಬರೆದಿದ್ದೆಲ್ಲ ಸುಳ್ಳಾ?”

“ಸುಳ್ಳು ಅಂತ ಅಲ್ಲ. ಯಾವ ಸೆಂಟರಿನದು ಜಾಸ್ತಿ ಅಂತ ನೋಡಬೇಕು.”

“ಅದಕ್ಕೆ ಪುಸ್ತಕ ಬ್ಯಾಡ. ಹೊಸನಗರದ್ದು. ತಪ್ಪು ಆ ಸಿಸ್ಟರ್ ಕೈಲಿ ಇದ್ದು. ಸಿರಿಂಜು ಒತ್ತುತ್ತು, ಟ್ಯೂಬು ಕುಲುಕುತ್ತು. ಬರ್ಕ.”

ನಾನು ಅದನ್ನು ಬರೆದುಕೊಳ್ಳಲಿಲ್ಲ. ಅದು ಅಭಿಪ್ರಾಯ. ಮೂರು ತಿಂಗಳ ಪುಟಗಳನ್ನು ಸಾಲು ಸಾಲಾಗಿ ಲ್ಯಾಪ್‌ಟಾಪಿಗೆ ಏರಿಸಿದೆ. ಒಂಬತ್ತು ದಿನ ಹಿಡಿಯಿತು. ಸ್ಪಿರಿಟ್ ಬಿದ್ದು ಶಾಯಿ ಹರಡಿದ ಸಾಲುಗಳಿದ್ದವು. ಸೆಂಟರಿನ ಹೆಸರೇ ಇಲ್ಲದ ‘ಎಚ್’ಗಳಿದ್ದವು; ಅವನ್ನು ಊಹಿಸಿ ತುಂಬದೆ ಬೇರೆ ಇಟ್ಟೆ. ಕೊನೆಗೆ ಉಳಿದದ್ದು ಮೂರು ಸಾಲಿನ ಒಂದು ಕೋಷ್ಟಕ. ತೀರ್ಥಹಳ್ಳಿ, ಕೋಣಂದೂರು ಎರಡನ್ನೂ ಕೂಡಿಸಿದರೂ ಹೊಸನಗರದ ‘ಎಚ್’ಗಳಷ್ಟಾಗುತ್ತಿರಲಿಲ್ಲ. ಅದರ ಕೆಳಗೆ ಒಂದು ವಾಕ್ಯ ಬರೆದೆ: ‘ಇದು ಎಲ್ಲಿ ಎಂಬುದನ್ನು ಮಾತ್ರ ತೋರಿಸುತ್ತದೆ, ಏಕೆ ಎಂಬುದು ಇನ್ನೂ ಗೊತ್ತಿಲ್ಲ.’

ಪುಟದಲ್ಲಿ ಜಾಗ ಸಾಲದಿದ್ದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ವರ್ಷಗಟ್ಟಲೆ ನಾನೇ ಕತ್ತರಿಸಿದ್ದೇನೆ. ಅದು ಗೊತ್ತಿದ್ದೂ ಮುಖ್ಯ ವಾಕ್ಯವನ್ನು ಕೊನೆಯ ಸಾಲಿನಲ್ಲಿಟ್ಟೆ. ಮಾಲೀಕರು ಕೋಷ್ಟಕದ ಫೋಟೋ ತೆಗೆದು, ಹೊಸನಗರ ಎಂಬಲ್ಲಿ ಕೆಂಪು ವೃತ್ತ ಹಾಕಿ, ಕೊನೆಯ ಸಾಲು ಬಿಟ್ಟು, ಲ್ಯಾಬಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅದನ್ನೇ ಮುದ್ರಿಸಿ ಸಾಗರದ ಲ್ಯಾಬಿನ ನೋಟಿಸ್ ಬೋರ್ಡಿಗೂ ಹಚ್ಚಿಸಿದರು. ಗುಂಪಿನಲ್ಲಿ ವೈದ್ಯರೂ ಇದ್ದರು.

ಆ ದಿನವೇ ಒಂದು ತೀರ್ಮಾನವೂ ಆಯಿತು. ಮೇ ತಿಂಗಳ ಕೊನೆಗೆ ಹೊಸನಗರದ ಸಿಸ್ಟರನ್ನು ಬಿಡಿಸಿ ಬೇರೆಯವರನ್ನು ತರುವುದು. ಆಕೆ ಅಲ್ಲಿ ಹನ್ನೆರಡು ವರ್ಷದಿಂದ ರಕ್ತ ತೆಗೆಯುತ್ತಿದ್ದರು. ರಕ್ತ ಕೆಡಿಸುತ್ತಾಳೆ ಎಂದು ಹೊರಗೆ ಹಾಕಿಸಿಕೊಂಡ ಮೇಲೆ ಆ ಊರಿನ ಯಾವ ಆಸ್ಪತ್ರೆಯೂ ಆಕೆಯ ಕೈಗೆ ಸೂಜಿ ಕೊಡುವುದಿಲ್ಲ.

ನಾನು ಹೊಸನಗರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರ ಮೆಡಿಕಲ್ ಶಾಪಿನ ಪಕ್ಕದ ಕೋಣೆ. ಒಂದು ಕುರ್ಚಿ ರೋಗಿಗೆ, ಒಂದು ಆಕೆಗೆ, ಗೋಡೆಯ ಹತ್ತಿರ ಖಾಲಿ ಬೆಂಚು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕೈಗವಸು ತೆಗೆಯದೆಯೇ ನನ್ನನ್ನು ನೋಡಿದರು.

“ಬಂದ್ರಾ? ರೌಂಡು ಹಾಕಿದ್ದು ಸಾಕಾಗ್ಲಿಲ್ವಾ?”

“ಆ ವೃತ್ತ ನಾನು ಹಾಕಿದ್ದಲ್ಲ.”

“ಪೆನ್ನು ನಿಮ್ದಲ್ಲ. ಲಿಸ್ಟು ನಿಮ್ದೇ ಅಲ್ವಾ?”

ಬೆಂಚಿನ ಕಡೆ ನೋಡಿದೆ. “ಅದು ರಕ್ತ ಕೊಡಕ್ಕೆ ಬಂದವ್ರಿಗೆ” ಎಂದರು. ಆ ಬೆಳಿಗ್ಗೆ ನಿಂತೇ ಇದ್ದೆ. ಮುಂದಿನ ಎರಡು ಬೆಳಿಗ್ಗೆಯೂ ನಿಂತೇ ಇದ್ದೆ.

ನಿಂತು ನೋಡಿದ್ದನ್ನು ಸಮಯ ಸಮೇತ ಬರೆದುಕೊಂಡೆ. ತೋಳಿಗೆ ಪಟ್ಟಿ ಕಟ್ಟುವುದು, ಸ್ಪಿರಿಟ್ ಒರೆಸಿ ಅದು ಆರುವವರೆಗೆ ಕಾಯುವುದು, ಸೂಜಿ, ಟ್ಯೂಬು ತಾನಾಗಿ ತುಂಬಲು ಬಿಡುವುದು, ಪಟ್ಟಿ ಸಡಿಲಿಸುವುದು, ಟ್ಯೂಬನ್ನು ಕುಲುಕದೆ ಐದಾರು ಸಲ ಮೆಲ್ಲಗೆ ಮಗುಚುವುದು, ಹೆಸರು ಬರೆದು ಅರ್ಧ ಗಂಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು. ಸೂಜಿಗೆ ನೇರವಾಗಿ ಟ್ಯೂಬು ಸಿಕ್ಕಿಸುತ್ತಿದ್ದ ಆಕೆ ಸಿರಿಂಜನ್ನೇ ಬಳಸುತ್ತಿರಲಿಲ್ಲ. ಒತ್ತುವ ಮಾತೇ ಇಲ್ಲ. ಲ್ಯಾಬಿನ ಗೋಡೆಗೆ ಹಚ್ಚಿದ್ದ ಕೈಪಿಡಿಯ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಎರಡನೇ ದಿನ ಸಂಪೇಕಟ್ಟೆ ಕಡೆಯಿಂದ ಒಬ್ಬರು ಬಂದರು. ಮೊದಲ ಸಲದ ರಕ್ತ ‘ಎಚ್’ ಆಗಿತ್ತು.

“ಮತ್ತೆ ಚುಚ್ತೀರಾ? ನಾನೇನ್ ರಕ್ತದ್ ಬಾವಿಯಾ?”

“ಕೈ ಚಾಚಿ ಗೌಡ್ರೆ.”

“ಹೋದ್ಸಲದ್ದು ಎಂತ ಆಯ್ತು ಅಂತ ಹೇಳಿ ಮೊದ್ಲು. ಕುಡಿದ್ರಾ?”

ಸಿಸ್ಟರ್ ನನ್ನ ಕಡೆ ಬೆರಳು ತೋರಿಸಿದರು. “ಅವ್ರನ್ನ ಕೇಳಿ. ಅವ್ರಿಗೆ ಎಲ್ಲಾ ಗೊತ್ತು. ರಿಪೋರ್ಟಿನವ್ರು.”

ಗೌಡರು ರಕ್ತ ಕೊಡುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು.

ಮೂರನೇ ದಿನ ಡಬ್ಬಿಯನ್ನು ನಾನೇ ಹೊತ್ತೆ. ನಿಟ್ಟೂರಿನಿಂದ ನಗರ ಎಂಬ ಊರಿನ ಮೇಲೆ ಬಂದು ಹೊಸನಗರ ದಾಟಿ ಸಾಗರಕ್ಕೆ ಹೋಗುವ ಬಸ್ಸು. ನಿಲ್ದಾಣದಲ್ಲಿ ಡ್ರೈವರ್ ತಾನೇ ಇಳಿದು ಬಂದು ಡಬ್ಬಿಗೆ ಎರಡೂ ಕೈ ಚಾಚಿದ. “ಬೇಡ, ನನ್ನ ಹತ್ರವೇ ಇರಲಿ” ಎಂದೆ. “ಇಷ್ಟ್ ದಿನ ನಾವು ತಿಂದಿಲ್ಲ ಮಾರಾಯ್ರೆ ಇದನ್ನ” ಎಂದು ಮುಖ ತಿರುಗಿಸಿಕೊಂಡು ಹತ್ತಿದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಗರಕ್ಕೆ ಬಂದೆ. ಅವತ್ತೂ, ಹಿಂದಿನ ಎರಡು ದಿನವೂ ಒಂದು ಟ್ಯೂಬೂ ಕೆಟ್ಟಿರಲಿಲ್ಲ. ಡ್ರೈವರ್ ಕೈ ಚಾಚಿದ್ದು, ನಾನು ಕೊಡದಿದ್ದದ್ದು, ಎರಡೂ ನೋಟ್‌ಬುಕ್ಕಿನಲ್ಲಿವೆ. ಬರೆದುಕೊಂಡೆ, ಯೋಚಿಸಲಿಲ್ಲ.

ಮಾಲೀಕರು ಈ ಫಲಿತಾಂಶ ನೋಡಿ ನಕ್ಕರು. “ನೀವು ಎದ್ರಿಗೆ ನಿಂತಿದ್ರಿ. ಅದ್ಕೆ ಸರಿಯಾಗಿ ತೆಗೆದ್ಲು. ಅಂದ್ರೆ ತೆಗಿಯಕ್ಕೆ ಬರುತ್ತೆ, ಬೇರೆ ದಿನ ಬೇಕಂತಲೇ ಬೇಜವಾಬ್ದಾರಿ. ಕೇಸು ಇನ್ನೂ ಗಟ್ಟಿಯಾಯ್ತು ಬಿಡಿ.”

ಆ ಕ್ಷಣಕ್ಕೆ ಅವರ ತರ್ಕದಲ್ಲಿ ನನಗೆ ಬಿರುಕು ಕಾಣಲಿಲ್ಲ. ಆಕೆಯ ಪರವಾಗಿ ಏನಾದರೂ ಸಿಗಬಹುದೆಂದು ಹೋದವನು ಆಕೆಯ ಮೇಲೆ ಇನ್ನೊಂದು ಸಾಕ್ಷ್ಯ ತಂದುಕೊಟ್ಟಿದ್ದೆ. ತಿಂಗಳ ಕೊನೆಗೆ ಇನ್ನು ಹದಿನೆಂಟು ದಿನ.

ಮತ್ತೆ ಲ್ಯಾಪ್‌ಟಾಪ್ ತೆರೆದೆ. ಯಾರು ಎಂದು ಕೇಳಿದರೆ ಅಂಕಿಗಳು ಯಾವಾಗಲೂ ಒಂದು ಹೆಸರು ಕೊಡುತ್ತವೆ. ಕೇಳುವವನಿಗೆ ತೃಪ್ತಿಯಾಗುತ್ತದೆ, ಅಲ್ಲಿಗೆ ನಿಲ್ಲಿಸುತ್ತಾನೆ. ನಾನು ಸೆಂಟರಿನ ಹೆಸರು ಇದ್ದ ಕಾಲಂ ಮುಚ್ಚಿಟ್ಟು, ಹೊಸನಗರದ ‘ಎಚ್’ಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಎರಡು ದಿನ ತುಂಬಾ ‘ಎಚ್’. ಆಮೇಲೆ ಎರಡು ದಿನ ಹೆಚ್ಚುಕಡಿಮೆ ಏನೂ ಇಲ್ಲ. ಮತ್ತೆ ಎರಡು ದಿನ. ಬಿಸಿಲು ಏರಿದ ಹಾಗೆ ಆ ಕೆಟ್ಟ ಜೋಡಿ ದಿನಗಳು ಇನ್ನೂ ಕೆಟ್ಟಿದ್ದವು. ನಡುವಿನ ಒಳ್ಳೆಯ ದಿನಗಳು ಹಾಗೆಯೇ ಇದ್ದವು. ಮನುಷ್ಯರ ಬೇಜವಾಬ್ದಾರಿ ಹೀಗೆ ಲೆಕ್ಕ ಇಟ್ಟುಕೊಂಡು ಎರಡೆರಡು ದಿನಕ್ಕೆ ಬರುವುದಿಲ್ಲ.

ಇನ್ನು ಓದಲು ಉಳಿದಿದ್ದದ್ದು ಒಂದೇ, ಹೊಸನಗರದ ರವಾನೆ ಪುಸ್ತಕ. ಅದರ ಸಮಯದ ಕಾಲಮ್ಮನ್ನು ಮಾತ್ರ ಮೊದಲು ಫೋನಿನಲ್ಲಿ ಕೇಳಿ ಪಡೆದಿದ್ದೆ. ಪುಸ್ತಕವನ್ನು ಕಣ್ಣಾರೆ ನೋಡಿರಲಿಲ್ಲ. ಇದು ನನ್ನ ಎರಡನೇ ತಪ್ಪು; ಮೂಲ ಪ್ರತಿ ನೋಡದೆ ಪುಟ ಬಿಡಬಾರದು ಎಂದು ಬೇರೆಯವರಿಗೆ ಪಾಠ ಹೇಳಿದವನು ನಾನು.

“ಆ ಪುಸ್ತಕ ಕೊಡಿ” ಎಂದಾಗ ಸಿಸ್ಟರ್ ಅದನ್ನು ಎದೆಗೊತ್ತಿ ಹಿಡಿದರು.

“ಇದು ನನ್ನ ಮೇಲೆ ಹೊಸ ಕೇಸಾ?”

“ಇಲ್ಲೇ ನಿಂತು ನೋಡ್ತೀನಿ. ನಿಮ್ಮ ಕೈಯಲ್ಲೇ ಇರಲಿ, ಪುಟ ತಿರುಗಿಸಿ.”

ಲ್ಯಾಬು ಕೊಟ್ಟ ಪುಸ್ತಕದಲ್ಲಿ ನಾಲ್ಕು ಕಾಲಂ. ಆಕೆ ಸ್ಕೇಲಿಟ್ಟು ಐದನೆಯದೊಂದನ್ನು ಗೀಚಿಕೊಂಡಿದ್ದರು. ಮೇಲೆ ‘ಯಾರ ಕೈಗೆ’ ಎಂದಿತ್ತು. ಕೆಳಗೆ ಪ್ರತಿ ದಿನ ಒಂದು ಗುರುತು: ‘ಕಂ’ ಅಥವಾ ‘ಡ್ರೈ’. ಕಂಡಕ್ಟರ್ ಅಥವಾ ಡ್ರೈವರ್.

“ಇದು ಯಾಕೆ?”

“ಹಿಂದೊಂದ್ಸಲ ಡಬ್ಬಿ ಕಳೀತು. ಸಾಗರದವ್ರು ನನ್ನೇ ಹಿಡ್ಕಂಡ್ರು, ಯಾರಿಗ್ ಕೊಟ್ಟೆ ಯಾರಿಗ್ ಕೊಟ್ಟೆ ಅಂತ. ಅವತ್ತಿಂದ ಬರ್ಕೊಳ್ತೀನಿ. ನಿಮ್ಮಂಥವ್ರು ಬಂದಾಗ ತೋರ್ಸಕ್ಕೆ.”

ನನ್ನ ತಾರೀಖಿನ ಹಾಳೆಯನ್ನು ಪಕ್ಕಕ್ಕೆ ಹಿಡಿದೆ. ಆಕೆ ಪುಟ ತಿರುಗಿಸುತ್ತಾ ಹೋದರು. ‘ಡ್ರೈ’ ಇದ್ದ ಕಡೆ ‘ಎಚ್’. ‘ಕಂ’ ಇದ್ದ ಕಡೆ ಖಾಲಿ. ಒಂದು ತಿಂಗಳ ಪುಟ ಮುಗಿಯುವ ಹೊತ್ತಿಗೆ ನಾನು ತಾರೀಖು ಓದುವ ಮೊದಲೇ ಆಕೆಯ ಬೆರಳು ಸರಿಯಾದ ಸಾಲಿಗೆ ಹೋಗುತ್ತಿತ್ತು.

“ಆ ಬಸ್ಸಿಗೆ ಇಬ್ರು ಡ್ರೈವರು. ಎರ್ಡೆರ್ಡು ದಿನ” ಎಂದರು ನಿಧಾನವಾಗಿ. “ಒಬ್ಬ ಇಳಿಯಲ್ಲ, ಡಬ್ಬಿ ಕಂಡಕ್ಟರ್‌ಗೆ ಹೋಗುತ್ತೆ. ಇನ್ನೊಬ್ಬ ಅಣ್ಣ ತಾನೇ ಇಳಿದು ತಗೊಳ್ತಾನೆ. ಅವ್ನು ಹುಷಾರಿ ಮನುಷ್ಯ. ಅವ್ನ ದಿನ ಹಿಂಗಾಗುತ್ತಾ?”

ಆಕೆ ಆ ಬಸ್ಸಿನಲ್ಲಿ ಡಬ್ಬಿಯ ಜೊತೆ ಎಂದೂ ಹೋಗಿರಲಿಲ್ಲ. ಲ್ಯಾಬಿನ ಯಾರೂ ಹೋಗಿರಲಿಲ್ಲ. ಹೋಗಿದ್ದವನು ನಾನೊಬ್ಬ, ಅದೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು.

ಹೋಗಿ ನೋಡಬೇಕಿತ್ತು. ಆದರೆ ನೋಡುವುದಕ್ಕಾಗಿ ಜನರ ರಕ್ತವನ್ನು ಗೊತ್ತಿದ್ದೂ ಕೆಡಲು ಬಿಡುವಂತಿರಲಿಲ್ಲ. ಮುಂದಿನ ‘ಡ್ರೈ’ ದಿನ ಬೆಳಿಗ್ಗೆ ಮತ್ತೆ ಹೋಗಿ, ಡಬ್ಬಿಗೆ ಖಾಲಿ ಟ್ಯೂಬು ಹಾಕೋಣ ಎಂದೆ. ಖಾಲಿ ಟ್ಯೂಬಿನಿಂದ ಏನು ಗೊತ್ತಾಗುತ್ತದೆ ಎಂದು ಕೇಳಿದರು ಆಕೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲ ಬಾರಿಗೆ ಕುರ್ಚಿ ತೋರಿಸಿದರು. ರೋಗಿಯ ಕುರ್ಚಿ.

“ಕೈ ಚಾಚಿ. ನಿಮ್ಮ ರಿಪೋರ್ಟು, ನಿಮ್ಮ ರಕ್ತ.”

ಒಂದೇ ಚುಚ್ಚಿಗೆ ಎರಡು ಟ್ಯೂಬು ತೆಗೆದರು. ನೋವಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಒಂದು ಟ್ಯೂಬು ನೀಲಿ ಡಬ್ಬಿಗೆ. ಇನ್ನೊಂದು, ಆ ದಿನದ ರೋಗಿಗಳ ಎಲ್ಲಾ ಟ್ಯೂಬುಗಳ ಜೊತೆ, ಐಸ್ ಇಟ್ಟ ನನ್ನ ಚೀಲಕ್ಕೆ. ಒಂದೇ ರಕ್ತ, ಒಂದೇ ಕೈ, ಒಂದೇ ಹೊತ್ತು, ಒಂದೇ ಬಸ್ಸು. ಲ್ಯಾಬಿನ ಫ್ರಿಜ್ಜಿನಿಂದ ತಂದಿದ್ದ ಥರ್ಮಾಮೀಟರಿನ ಉದ್ದನೆಯ ವೈರನ್ನು ಡಬ್ಬಿಯೊಳಗೆ ಬಿಟ್ಟು, ಅಂಕಿ ತೋರಿಸುವ ಭಾಗವನ್ನು ಮುಚ್ಚಳದ ಮೇಲೆ ಅಂಟಿಸಿದೆವು. ಎಂಟು ಡಿಗ್ರಿ.

ಬಸ್ಸು ಬಂತು. ‘ಡ್ರೈ’ ದಿನ. ಡ್ರೈವರ್ ಇಳಿದ. ಐವತ್ತು ದಾಟಿದ ಮನುಷ್ಯ, ಹಣೆಗೆ ಕುಂಕುಮ.

“ಹುಷಾರಣ್ಣ.”

“ನಿಮ್ಮ ರಕ್ತಕ್ಕಿಂತ ನನ್ನ ಪ್ರಾಣ ಹೆಚ್ಚಾ ಸಿಸ್ಟ್ರೇ?” ಎಂದು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡ. ನನ್ನನ್ನು ಗುರುತಿಸಿದ. “ಓ, ಅವತ್ತಿನ ಗಿರಾಕಿ. ಇವತ್ತು ನಂಬಿಕೆ ಬಂತಾ?”

ಹಳೆಯ ಬಸ್ಸು. ಎಂಜಿನ್ ಮುಂದೆ, ಡ್ರೈವರಿನ ಎಡಕ್ಕೆ, ರೆಕ್ಸಿನ್ ಹೊದಿಸಿದ ಬಾನೆಟ್ಟಿನ ಕೆಳಗೆ. ಅದರ ಮೇಲೊಬ್ಬ ಮುದುಕರು ಟವೆಲ್ ಮಡಚಿ ಹಾಕಿಕೊಂಡು ಕೂತಿದ್ದರು.

“ಅಜ್ಜ, ಏಳಿ ಅಲ್ಲಿಂದ. ರಕ್ತ ಬಂತು.”

“ನಂದೂ ರಕ್ತನೇ ಮಾರಾಯ. ಡಬ್ಬಿಲಿಲ್ಲ ಅಷ್ಟೆ.”

“ಏಳಿ ಏಳಿ. ಅದರ ಜಾಗ ಅದು.”

ಮುದುಕರು ಗೊಣಗುತ್ತಾ ಎದ್ದರು. ಡ್ರೈವರ್ ದೇವರ ಪಟದ ಬುಡದಿಂದ ಒಂದು ಕೆಂಪು ವಸ್ತ್ರ ತೆಗೆದು ಬಾನೆಟ್ಟಿನ ಮೇಲೆ ಹಾಸಿ, ಡಬ್ಬಿಯನ್ನು ಅದರ ಮೇಲಿಟ್ಟು, ಜಾರದಂತೆ ಹಗ್ಗದಿಂದ ಕಟ್ಟಿದ. ನಾನು ಅದಕ್ಕೆ ತಾಗಿದ ಹಿಂದಿನ ಸೀಟಿನಲ್ಲಿ ಕೂತೆ. ದಾರಿಯಲ್ಲಿ ಸಿಗುವ ಬಟ್ಟೆಮಲ್ಲಪ್ಪ ಊರಿನಲ್ಲಿ ಥರ್ಮಾಮೀಟರು ಇಪ್ಪತ್ತೇಳು ತೋರಿಸುತ್ತಿತ್ತು. ಬಾನೆಟ್ಟಿನ ಅಂಚಿಗೆ ಕೈ ಇಟ್ಟು ತಕ್ಷಣ ತೆಗೆದೆ. ಡಬ್ಬಿಯ ತಳ ತೆಳು, ಟ್ಯೂಬುಗಳ ಸ್ಟ್ಯಾಂಡು ತಳದಲ್ಲೇ, ಐಸ್ ಪ್ಯಾಕು ಮೇಲೆ. ಗೇರು ಬದಲಿಸಿದಾಗಲೆಲ್ಲ ಡಬ್ಬಿ ಗಡಗಡ ನಡುಗುತ್ತಿತ್ತು.

“ಇಲ್ಲಿ ಯಾಕೆ ಇಡ್ತೀರಿ?” ಎಂದು ಕೇಳಿದೆ.

“ಮತ್ತೆಲ್ಲಿಡ್ತಾರೆ? ಆ ಇನ್ನೊಬ್ಬ ಸೀಟಿನ ಅಡಿಗೆ ತಳ್ತಾನೆ. ಜನ ಕಾಲು ಚಾಚ್ತಾರೆ, ಚಪ್ಪಲಿ ತಾಗಿಸ್ತಾರೆ. ಕಾಲ ಬುಡದಲ್ಲಿ ರಕ್ತ ಇಡಕ್ಕಾಗುತ್ತಾ? ನಮ್ಮ ಕೈಗೆ ಕೊಟ್ಟ ಮೇಲೆ ದೇವ್ರ ಎದ್ರಿಗೆ ಇರ್ಬೇಕು ಅದು.”

ಸಾಗರ ತಲುಪಿದಾಗ ಮೂವತ್ತೆಂಟು.

ಟೆಕ್ನಿಷಿಯನ್ ಎರಡೂ ಟ್ಯೂಬನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಚೀಲದ್ದು ಒಣಹುಲ್ಲಿನ ಬಣ್ಣ. ಬಾನೆಟ್ಟಿನದು ದಾಸವಾಳದ ಬಣ್ಣ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಎರಡೂ ನಿಂದೇ ಅಲ್ದ?” ಎಂದಷ್ಟೇ ಕೇಳಿದರು.

ಒಂದು ಸಲ ಆದದ್ದು ಸುದ್ದಿಯಲ್ಲ. ಇನ್ನೂ ನಾಲ್ಕು ದಿನ ಮಾಡಿದೆವು, ಎರಡು ‘ಡ್ರೈ’, ಎರಡು ‘ಕಂ’. ಪ್ರತಿ ಸಲ ಸಿಸ್ಟರ್ ನನ್ನನ್ನೇ ಚುಚ್ಚಿದರು. ಪರ್ಯಾಯ ಕೇಳುವ ಧೈರ್ಯ ನಾನೂ ಮಾಡಲಿಲ್ಲ. ‘ಕಂ’ ದಿನಗಳಲ್ಲಿ ಎರಡು ಟ್ಯೂಬೂ ಶುಭ್ರ. ‘ಡ್ರೈ’ ದಿನಗಳಲ್ಲಿ ಡಬ್ಬಿಯದು ಕೆಂಪು. ತೀರ್ಥಹಳ್ಳಿ, ಕೋಣಂದೂರಿನ ಡಬ್ಬಿಗಳು ಬರುವ ಬಸ್ಸಿನಲ್ಲಿ ಒಮ್ಮೆ ಹೋಗಿ ಬಂದೆ. ಅಲ್ಲಿ ಡಬ್ಬಿ ಕಂಡಕ್ಟರಿನ ಸೀಟಿನ ಕೆಳಗೆ, ಎಂಜಿನ್ನಿಗೆ ದೂರ, ಯಾರ ಗೌರವಕ್ಕೂ ಪಾತ್ರವಾಗದೆ, ತಣ್ಣಗೆ ಬರುತ್ತಿತ್ತು.

ಮಾಲೀಕರಿಗೆ ಇದನ್ನು ಹೇಳಿದಾಗ ಅವರು ಮೇಜು ಕುಟ್ಟಿದರು. “ನೋಡಿ, ಹೆಸರು ಸಿಕ್ತಲ್ಲ! ಡ್ರೈವರ್.”

“ಅವನು ಕೆಡಿಸಿದ್ದಲ್ಲ ಸಾರ್. ಜಾಗ ಕೆಡಿಸಿದ್ದು. ಜಾಗ ಬದಲಿಸಿದ್ರೆ ಸಾಕು.”

ನಾನು ಮಾತು ಮುಗಿಸುವ ಮೊದಲೇ ಅವರು ಬಸ್ಸಿನ ಮಾಲೀಕರಿಗೆ ಫೋನು ಹಚ್ಚಿದ್ದರು. ನಿಮ್ಮ ಡ್ರೈವರು ನಮ್ಮ ವ್ಯಾಪಾರ ಹಾಳು ಮಾಡಿದ ಎಂಬ ವಾಕ್ಯ ನನ್ನೆದುರೇ ಹೋಯಿತು.

ಮುಂದಿನ ‘ಡ್ರೈ’ ದಿನ ನಾನು ಹೊಸನಗರದ ನಿಲ್ದಾಣದಲ್ಲಿದ್ದೆ. ಡ್ರೈವರ್ ಇಳಿಯಲಿಲ್ಲ. ಸಿಸ್ಟರ್ ಡಬ್ಬಿ ಹಿಡಿದು ಕಿಟಕಿಯ ಕೆಳಗೆ ನಿಂತರು.

“ಬ್ಯಾಡ. ಹತ್ತಿಸ್ಬೇಡಿ ಅದನ್ನ ನನ್ನ ಬಸ್ಸಿಗೆ” ಎಂದ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ. “ಇಷ್ಟ್ ವರ್ಷ ದೇವ್ರ ಥರ ಹೊತ್ಕಂಡ್ ಹೋದೆ. ಈಗ ನಾನು ರಕ್ತ ಕೆಡಿಸ್ದವ್ನು. ಓನರ್ ಜನ್ರ ಎದ್ರಿಗೆ ಬೈದ್ರು. ಅಲ್ನೋಡಿ, ನಿಂತಿದಾನಲ್ಲ ಪೆನ್ನಿಟ್ಕಂಡು, ಅವ್ನ ತಲೆ ಮೇಲೆ ಹೊರ್ಸಿ.”

ಕಂಡಕ್ಟರ್ ಮುಖ ತಿರುಗಿಸಿದ. ಕಿಟಕಿಗಳಿಂದ ಜನ ಬಗ್ಗಿ ನನ್ನನ್ನು ನೋಡಿದರು. ಅದೇ ಮುದುಕರು ಬಾನೆಟ್ಟಿನ ಮೇಲೆ ಆರಾಮಾಗಿ ಕೂತಿದ್ದರು. “ಅಂತೂ ನನ್ನ ಜಾಗ ನಂಗೆ ಬಂತು” ಎಂದರು.

ನಾನು ಮುಂದೆ ಹೋಗಿ ಏನೋ ಹೇಳಲು ಬಾಯಿ ತೆರೆದೆ. ಸಿಸ್ಟರ್ ಮೊಣಕೈಯಿಂದ ನನ್ನನ್ನು ಹಿಂದೆ ತಳ್ಳಿದರು.

“ಅಣ್ಣ, ನನ್ ಹೆಸ್ರಿಗೂ ರೌಂಡು ಹಾಕಿ ಗೋಡೆಗೆ ಹಚ್ಚಿದಾರೆ. ಒಂದ್ ತಿಂಗ್ಳಾಯ್ತು. ನಾನು ಸೂಜಿ ಬಿಟ್ಟು ಮನೇಲಿ ಕೂತ್ನಾ?”

ಡ್ರೈವರ್ ಸ್ಟೇರಿಂಗ್ ಹಿಡಿದು ಮುಂದೆ ನೋಡಿದ.

“ಕಾಲ ಬುಡಕ್ಕೆ ಬ್ಯಾಡ ಅಂದ್ಯಂತೆ, ಸರಿ. ಬೆಂಕಿ ಮೇಲೂ ಬ್ಯಾಡ. ನಿನ್ ತಲೆ ಮೇಲೆ ಇಡು.” ಡ್ರೈವರ್ ಸೀಟಿನ ಹಿಂದೆ, ತಲೆಗಿಂತ ಎತ್ತರದಲ್ಲಿ, ಟಿಕೆಟ್ ಪೆಟ್ಟಿಗೆ ಇಡುವ ಸಣ್ಣ ಕಂಬಿ ಅಟ್ಟ ಇತ್ತು. ಆಕೆ ಅದನ್ನು ತೋರಿಸಿದರು. “ಅಲ್ಲಿಗೆ ಯಾರ್ ಕಾಲು ಬರುತ್ತೆ? ದೇವ್ರ ಪಟಕ್ಕಿಂತ ಮೇಲಿದೆ ಅದು.”

ಅವನು ಅಟ್ಟದ ಕಡೆ ನೋಡಿದ. ಎಂಜಿನ್ ಹಾಗೆಯೇ ಓಡುತ್ತಿತ್ತು. ಹಿಂದಿನಿಂದ ಯಾರೋ, “ಹೊರಡ್ರಿ, ಕೋರ್ಟಿಗೆ ಹೋಗ್ಬೇಕು” ಎಂದು ಕೂಗಿದರು.

ಡ್ರೈವರ್ ಇಳಿದು ಡಬ್ಬಿ ತೆಗೆದುಕೊಂಡ. ಟಿಕೆಟ್ ಪೆಟ್ಟಿಗೆಯನ್ನು ಕೆಳಗಿಳಿಸಿ, ಕೆಂಪು ವಸ್ತ್ರವನ್ನು ಅಟ್ಟದ ಮೇಲೆ ಹಾಸಿ, ಡಬ್ಬಿ ಇಟ್ಟು ಕಟ್ಟಿದ. “ನೀ ಹೇಳ್ದೆ ಅಂತ. ಆ ಮನುಷ್ಯ ಹೇಳಿದ್ದಕ್ಕಲ್ಲ” ಎಂದ, ನನ್ನ ಕಡೆ ನೋಡದೆ.

ಆ ದಿನ ಸಾಗರದಲ್ಲಿ ಡಬ್ಬಿಯೊಳಗೆ ಹದಿನಾಲ್ಕು ಡಿಗ್ರಿ. ಒಂದು ‘ಎಚ್’ ಕೂಡ ಇಲ್ಲ. ನಂತರದ ‘ಡ್ರೈ’ ದಿನಗಳಲ್ಲೂ ಹಾಗೆಯೇ.

ಮಾಲೀಕರು ಖುಷಿಯಾಗಿದ್ದರು. ಪ್ರತಿ ಡಬ್ಬಿಗೂ ಥರ್ಮಾಮೀಟರು, ಸ್ವೀಕೃತಿ ಪುಸ್ತಕದಲ್ಲಿ ತಾಪಮಾನದ ಕಾಲಂ, ವೈದ್ಯರಿಗೆ ತೋರಿಸಲು ಒಂದು ಬಣ್ಣದ ಹಾಳೆ. ಬೇರೆ ಯಾವ ಲ್ಯಾಬಿನಲ್ಲೂ ಇದಿಲ್ಲ ಎಂದು ಅದರಲ್ಲಿ ಬರೆಯಬೇಕೆಂದರು. ಸಿಸ್ಟರನ್ನು ತೆಗೆಯುವ ಮಾತು ತಾನಾಗಿಯೇ ನಿಂತಿತು. ಯಾರೂ ನಿಲ್ಲಿಸಿದ್ದಾಗಿ ಹೇಳಲಿಲ್ಲ. ನೋಟಿಸ್ ಬೋರ್ಡಿನಿಂದ ಹಳೆಯ ಹಾಳೆ ಒಂದು ಬೆಳಿಗ್ಗೆ ಕಾಣೆಯಾಗಿತ್ತು. ನಾಲ್ಕು ಪಿನ್ನುಗಳು ಮಾತ್ರ ಇದ್ದವು.

“ತಿದ್ದುಪಡಿ ಹಾಕ್ಬೇಕು ಸಾರ್” ಎಂದೆ.

“ತೆಗೆದಿದೀವಲ್ಲ. ಇನ್ನೇನು?”

“ತೆಗೆದರೆ ತಪ್ಪು ಇತ್ತು ಅನ್ನೋದು ಹೋಗುತ್ತೆ. ಓದಿದವರ ತಲೆಯಿಂದ ಆ ತಪ್ಪು ಹೋಗಲ್ಲ. ಎಲ್ಲಿ ಹಾಕಿದ್ವೋ ಅಲ್ಲೇ, ಅಷ್ಟೇ ದೊಡ್ಡದಾಗಿ ಹಾಕ್ಬೇಕು. ಗುಂಪಿನಲ್ಲೂ.”

“ಆ ಗುಂಪಲ್ಲಿ ಡಾಕ್ಟ್ರುಗಳಿದಾರೆ. ನಾವೇ ತಪ್ಪು ಮಾಡಿದ್ವಿ ಅಂತ ಬರ್ದುಕೊಡ್ಬೇಕಾ? ಅವಳಿಗೆ ಕೆಲ್ಸ ಉಳೀತು. ಅದಕ್ಕಿಂತ ಎಂತ ಬೇಕಂತೆ?”

“ಅವರು ಏನೂ ಕೇಳಿಲ್ಲ.”

“ಮತ್ತೆ ನಿಮಗ್ಯಾಕೆ?”

ಆ ಗುಂಪಿನ ವೈದ್ಯರೇ ನಾಳೆ ಆಕೆಯ ಸೆಂಟರಿಗೆ ಚೀಟಿ ಬರೆಯಬೇಕಾದವರು. ಆಕೆ ಉಳಿಸಿಕೊಂಡದ್ದು ಕುರ್ಚಿ. ಹೆಸರು ಇನ್ನೂ ಕೆಂಪು ವೃತ್ತದೊಳಗೇ ಇತ್ತು. ಇಷ್ಟನ್ನು ಹೇಳಿದೆ. ಅವರು ಬೇಡವೆಂದರು. ಗುತ್ತಿಗೆ ಮುಂದುವರಿಸುವ ಮಾತು ಆ ವಾರ ಬರಬೇಕಿತ್ತು. ತಿದ್ದುಪಡಿ ಹಾಕಿದರೆ ಅದು ಬರುವುದಿಲ್ಲ ಎಂಬುದನ್ನು ಅವರು ಹೇಳಬೇಕಿರಲಿಲ್ಲ.

ಕಾಗದದ ಮೇಲೆ ಬರೆದೆ. ಈ ಸಲ ಮುಖ್ಯ ವಾಕ್ಯ ಮೊದಲ ಸಾಲಿನಲ್ಲಿತ್ತು: ‘ಹೊಸನಗರ ಸೆಂಟರಿನಲ್ಲಿ ರಕ್ತ ತೆಗೆಯುವುದರಲ್ಲಿ ಯಾವ ದೋಷವೂ ಇರಲಿಲ್ಲ.’ ಎರಡನೇ ಸಾಲು: ‘ಹಿಂದಿನ ಕೋಷ್ಟಕವನ್ನು ಕಾರಣ ತಿಳಿಯುವ ಮೊದಲೇ ಕೊಟ್ಟದ್ದು ನನ್ನ ತಪ್ಪು.’ ಆಮೇಲೆ ಬಾನೆಟ್ಟು, ತಾಪಮಾನ, ತಾರೀಖುಗಳು. ಡ್ರೈವರಿನ ಬಗ್ಗೆ ಒಂದು ಸಾಲು: ಡಬ್ಬಿಯನ್ನು ಅತ್ಯಂತ ಜಾಗ್ರತೆಯಿಂದ ಇಟ್ಟಿದ್ದರು, ಜಾಗ ಬಿಸಿ ಎಂದು ಅವರಿಗೆ ಲ್ಯಾಬು ಎಂದೂ ತಿಳಿಸಿರಲಿಲ್ಲ. ಕೊನೆಗೆ ನನ್ನ ಸಹಿ. ಅದರ ನಕಲನ್ನು ಅದೇ ನಾಲ್ಕು ಪಿನ್ನುಗಳಿಂದ ಬೋರ್ಡಿಗೆ ಹಚ್ಚಿ, ಫೋಟೋ ತೆಗೆದು ಗುಂಪಿಗೆ ಹಾಕಿದೆ. ಹನ್ನೊಂದು ನಿಮಿಷದ ನಂತರ ನನ್ನನ್ನು ಗುಂಪಿನಿಂದ ತೆಗೆದರು. ಹನ್ನೊಂದು ನಿಮಿಷ ಸಾಕಾಗಿತ್ತು. ಎಲ್ಲರೂ ನೋಡಿದ್ದರೆಂಬುದಕ್ಕೆ ನೀಲಿ ಗೆರೆಗಳು ಬಂದಿದ್ದವು. ಟೆಕ್ನಿಷಿಯನ್ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿ, “ಅಡ್ಡಿಲ್ಲೆ” ಎಂದು ಒಳಗೆ ಹೋದರು.

ಮೂಲ ಪ್ರತಿಯನ್ನು ಸಿಸ್ಟರಿಗೆ ಕೊಡಲು ಹೊಸನಗರಕ್ಕೆ ಹೋದೆ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಆಕೆ ಕೈಗವಸು ತೆಗೆದು, ಹಾಳೆ ಇಸಿದುಕೊಂಡು, ನಿಂತೇ ಓದಿದರು. ಎರಡನೇ ಸಾಲಿನ ಹತ್ತಿರ ತುಸು ಹೆಚ್ಚು ಹೊತ್ತು ನಿಂತರು.

ಕೃತಜ್ಞತೆಯ ಮಾತು ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಆಕೆ ರವಾನೆ ಪುಸ್ತಕ ತೆರೆದು, ಹಾಳೆಯನ್ನು ಒಳರಟ್ಟಿಗೆ ಗೋಂದಿನಿಂದ ಹಚ್ಚಿದರು. ಅದೇ ದಿನದ ಪುಟಕ್ಕೆ ಬಂದು ಒಂದು ಹೊಸ ಸಾಲು ಬರೆದರು. ಬಂದದ್ದು: ತಿದ್ದುಪಡಿ, ಒಂದು ಹಾಳೆ. ಗೋಡೆ ಗಡಿಯಾರ ನೋಡಿ ಸಮಯ ಬರೆದರು. ತಾವು ಗೀಚಿಕೊಂಡ ಐದನೇ ಕಾಲಮ್ಮಿನಲ್ಲಿ ‘ನನ್ನ ಕೈಗೆ’ ಎಂದು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಚಾಚಿದರು.

“ಕೊಟ್ಟಿದ್ದಕ್ಕೆ ಸೈನ್ ಮಾಡಿ. ನಾಳೆ ಯಾರಾದ್ರೂ ಇಲ್ಲ ಅಂದ್ರೆ?”

ಸಹಿ ಮಾಡಿದೆ. ಆಕೆ ಒಳರಟ್ಟಿಗೆ ತಿರುಗಿಸಿ, ಅದನ್ನು ಅಲ್ಲಿ ಹಚ್ಚಿದ ಹಾಳೆಯ ಸಹಿಗೆ ಹೋಲಿಸಿ ನೋಡಿದರು. ಆಮೇಲೆ ಕೈಗವಸು ಹಾಕಿಕೊಂಡು ಬೆಂಚಿನ ಕಡೆ ತಿರುಗಿದರು.

“ಮುಂದಿನವ್ರು ಬನ್ನಿ.”